ನಮ್ಮ ಕಾರು ತಂದರೆ ಬರುತ್ತೇನೆ

ನಾಸಿಕ್‌ನ ಕಾರ್ಖಾನೆಗಳ ಬಡಾವಣೆ ಅಂಬಡ್‌ನ ಆ ಬಾಡಿಗೆ ಮನೆಯಲ್ಲಿ ನಮಗಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆ ಆಯಿಯದು. ಅಪ್ಪನ ತಾಯಿಯನ್ನು ನಮ್ಮ ಗದಗಿನ ಕಡೆ ಆಯಿ ಎನ್ನುತ್ತೇವೆ. ಮರಾಠಿಯಲ್ಲಿ ಆಯಿ ಅಂದರೆ ಹೆತ್ತ ತಾಯಿ. ಹೀಗಾಗಿ ಶಾಲೆಯ ಗೆಳತಿಯರು ನನಗೆ ಇಬ್ಬರು ತಾಯಂದಿರೆಂದು ಬಹಳ ದಿನ ನಂಬಿದ್ದರು. ಆಯಿಯ ಮಂಚದ ತಲೆದಿಕ್ಕಿಗೆ ದೇವರ ಗೂಡು, ಕಾಲುದಿಕ್ಕಿಗೆ ಜೋಳದ ಹಿಟ್ಟಿನ ಡಬ್ಬಿ. ಆ ಡಬ್ಬಿಯನ್ನು ಅಡುಗೆಮನೆಯಲ್ಲಿಡಲು ಅವಳು ಒಪ್ಪುತ್ತಿರಲಿಲ್ಲ. ಅಲ್ಲಿಟ್ಟರೆ ಅವ್ವ ಅದರಲ್ಲಿ ಸಜ್ಜೆ ಹಿಟ್ಟು ಬೆರೆಸುತ್ತಾಳೆಂಬ ಗುಮಾನಿ, ಮತ್ತು ಅದು ನಿಜವೂ ಆಗಿತ್ತು. ಹಿಂದಿನ ಕೋಣೆ ಅಪ್ಪ, ಅವ್ವ, ನನ್ನದು. ಕಿಟಕಿ ತೆರೆದರೆ ಕಾರ್ಖಾನೆಯ ಗೋಡೆ. ಗೋಡೆಯಾಚೆ ಹಗಲೆಲ್ಲ ತಗಡು ಕತ್ತರಿಸುವ ಯಂತ್ರದ ಧಡ್ ಧಡ್ ಸದ್ದು. ಅದರ ಮೇಲೆ ಕೇಳಿಸಬೇಕೆಂದು ಕೂಗಿ ಕೂಗಿ ನಮ್ಮ ಮನೆಯವರ ದನಿಯೇ ದೊಡ್ಡದಾಗಿಹೋಗಿತ್ತು. ಉಪ್ಪು ಕೇಳಿದರೂ ಜಗಳವಾಡಿದಂತೆ ಕೇಳಿಸುತ್ತಿತ್ತು. ಎಲ್ಲರಿಗಿಂತ ದೊಡ್ಡ ದನಿ ಅಪ್ಪನದು.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರ. ಅವನಿಗೆ ಸಂಭಾಜಿನಗರಕ್ಕೆ ವರ್ಗವಾದಾಗ ಅವ್ವನ ಕೆಲಸ, ನನ್ನ ಶಾಲೆ, ಆಯಿಯ ಮೊಣಕಾಲು ಎಲ್ಲ ಯೋಚಿಸಿ ನಾವು ನಾಸಿಕ್‌ನಲ್ಲೇ ಉಳಿದೆವು. ಶನಿವಾರ ಕಾರಿನಲ್ಲಿ ಬರುತ್ತಿದ್ದ, ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದ. ಮೊದಮೊದಲು ಚಪ್ಪಲಿ ಬಿಟ್ಟ ಕೂಡಲೆ ಅಡುಗೆಮನೆಗೇ ನುಗ್ಗಿ ಬುಟ್ಟಿಯಲ್ಲಿನ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಅದ್ದಿ ನಿಂತೇ ತಿನ್ನುತ್ತಿದ್ದವನು, ಬರಬರುತ್ತ ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಚೂರುಚೂರು ಮಾಡಿ ಹಾಗೇ ಬಿಟ್ಟು ಏಳತೊಡಗಿದ. ಏನಾಯಿತೆಂದು ಯಾರಿಗೂ ತಿಳಿಯದು. ಕಚೇರಿಯಲ್ಲಿ ಜಗಳವಿರಲಿಲ್ಲ, ಯಾವ ಚಟವೂ ಇರಲಿಲ್ಲ. ಕೇಳಿದರೆ ‘ಏನಿಲ್ಲ’ ಅನ್ನುತ್ತಿದ್ದ. ಅದೂ ಕಾರ್ಖಾನೆಯ ಸದ್ದಿನಲ್ಲಿ ಕೇಳಿಸದಷ್ಟು ಸಣ್ಣಗೆ. ಒಂದು ಶನಿವಾರ ನಿಫಾಡ್ ಹತ್ತಿರ, ಹಾಡಹಗಲಿನಲ್ಲಿ, ರಸ್ತೆ ಬದಿಗೆ ನಿಂತಿದ್ದ ಈರುಳ್ಳಿ ಟ್ರಾಲಿಗೆ ಹಿಂದಿನಿಂದ ಕಾರು ಗುದ್ದಿಸಿದ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮನೆಗೆ ಬಂದವನನ್ನು ಅವ್ವ, ಟ್ರಾಲಿ ಕಾಣಲಿಲ್ಲವೇ ಎಂದು ಕೇಳಿದಳು.

“ಕಾಣಸ್ತಿತ್ತು. ಬ್ರೇಕ್ ಹಾಕಬೇಕು ಅಂತ ಅನಸಲಿಲ್ಲ.”

ಅವ್ವ ಕೈಯಲ್ಲಿದ್ದ ನೀರಿನ ಚೊಂಬನ್ನು ಅವನಿಗೂ ಕೊಡದೆ, ಕೆಳಗೂ ಇಡದೆ ಹಾಗೇ ನಿಂತಿದ್ದಳು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಅವಳ ಮುಖ ನೋಡಿ ಹೆದರಿಕೆ ಮಾತ್ರ ಆಯಿತು.

ಆಮೇಲೆ ಅಪ್ಪ ಕಾರು ನಮ್ಮಲ್ಲೇ ಬಿಟ್ಟು ಬಸ್ಸಿಗೆ ಹೋದ. ಒಂದೆರಡು ವಾರ ಬಂದ, ಆಮೇಲೆ ಬರುವುದೇ ನಿಂತುಹೋಯಿತು. ಊರಿನ ಗದ್ದಲ ತಾಳಲಾರೆನೆಂದು ಸಂಭಾಜಿನಗರದ ಕೋಣೆ ಬಿಟ್ಟು ದೌಲತಾಬಾದ್‌ನಲ್ಲಿ, ಕೋಟೆಯ ಬಾಗಿಲಲ್ಲಿ ಪೇರಲ ಹಣ್ಣು ಮಾರುವ ಗಂಡ ಹೆಂಡತಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದ. ಸಂಜೆ ಫೋನು ಮಾಡಿ ನಾನೇ ಮಾತಾಡಬೇಕಿತ್ತು, ಏಕೆಂದರೆ ನನಗಾದರೂ ಅವನು ‘ಹ್ಞೂಂ’ ಅನ್ನುತ್ತಿದ್ದ. ಶಾಲೆಯ ಸುದ್ದಿ ಮುಗಿದ ಮೇಲೆ ನಾನು ಸುಳ್ಳು ಸುದ್ದಿಗಳನ್ನು ಹುಟ್ಟಿಸಿ ಹೇಳುತ್ತಿದ್ದೆ. ಒಂದು ಸಂಜೆ ‘ಹ್ಞೂಂ’ ಕೂಡ ಬರಲಿಲ್ಲ. ಫೋನು ಎತ್ತಿದವಳು ಮನೆಯೊಡತಿ, ಪೇರಲ ಮಾರುವ ಬಾಯಿ. ಸಾಹೇಬರು ಫೋನು ನನಗೆ ಕೊಟ್ಟು ಒಳಸೇರಿದ್ದಾರೆ, ಕಚೇರಿಗೆ ಹೋಗುತ್ತಿಲ್ಲ, ಬಾಗಿಲು ತೆಗೆಯುತ್ತಿಲ್ಲ, ಬಂದು ನೋಡಿ ಅಂದಳು.

ಅವ್ವ ಮರುದಿನವೇ ಹೋಗಿ ಅವನನ್ನು ಹೇಗೋ ಬಸ್ಸು ಹತ್ತಿಸಿದಳು. ವೈಜಾಪುರದಲ್ಲಿ ಬಸ್ಸು ನಿಂತಾಗ ಅವಳು ನೀರಿನ ಬಾಟಲಿ ಕೊಳ್ಳಲು ಕಿಟಕಿಯ ಕಡೆ ತಿರುಗಿದ್ದೇ ತಡ, ಅಪ್ಪ ಇಳಿದು ಜನರ ನಡುವೆ ಮಾಯವಾದ. ದಿನವಿಡೀ ಹುಡುಕಿದಳಂತೆ. ಕೊನೆಗೆ ಅವನು ಊರ ಹೊರಗಿನ ಹೊಲದ ಬದುವಿನ ಮೇಲೆ, ಬಾವಿಯೊಂದರ ಹತ್ತಿರ ಕೂತಿದ್ದ. ಅಲ್ಲಿಂದ ಮತ್ತೆ ದೌಲತಾಬಾದ್‌ಗೇ ಹೋಗುತ್ತೇನೆಂದು ಹಟ. ಆಗ ಅವನು ಆಡಿದ ಮಾತೇ ನಮ್ಮ ಮನೆಯ ಮುಂದಿನ ದಿನಗಳನ್ನೆಲ್ಲ ನುಂಗಿತು.

“ಬಸ್ಸಿನಾಗ ಬರೂದಿಲ್ಲ. ಮಂದಿ ನೋಡ್ತಾರ. ಬ್ಯಾರೇದವರ ಗಾಡೀನೂ ಬ್ಯಾಡ. ನಮ್ಮ ಕಾರ ತಂದ್ರ ಬರ್ತೀನಿ.”

ನಮ್ಮ ಕಾರು ಟರ್ಬೊ ಎಂಜಿನ್ನಿನದು. ಎಂಜಿನ್ನು ಬಿಡುವ ಬಿಸಿ ಹೊಗೆಯಿಂದಲೇ ತಿರುಗುವ ಒಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಮುಂಭಾಗದಲ್ಲಿ ಜಾಲರಿಯಂಥ ಒಂದು ಕೂಲರ್ ಇರುತ್ತದೆ. ಟ್ರಾಲಿಗೆ ಗುದ್ದಿದಾಗ ಒಡೆದದ್ದು ಅದೇ. ಆ ಕಾರು ಮಾಡುತ್ತಿದ್ದ ಕಂಪನಿ ನಮ್ಮ ದೇಶದಲ್ಲಿ ಬಾಗಿಲು ಹಾಕಿಕೊಂಡು ಹೋಗಿತ್ತು. ಗ್ಯಾರೇಜಿನ ಇಸ್ಮಾಯಿಲ್ ಭಾಯಿ ಎಲ್ಲ ಕಡೆ ಕೇಳಿ ನೋಡಿ, ಸಿಗದೆ, ಕೂಲರಿನ ಜಾಗದಲ್ಲಿ ಒಂದು ನೇರ ಪೈಪು ಜೋಡಿಸಿಕೊಟ್ಟಿದ್ದ. ಕಾರು ಓಡುತ್ತಿತ್ತು. ಆದರೆ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸಾಕು, ಒಳಗಿಂದ ಡಬ್ಬಿಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದಂತೆ ಕಟಕಟ ಸದ್ದು ಬರುತ್ತಿತ್ತು. ಕಾದ ಗಾಳಿಗೆ ಪೆಟ್ರೋಲು ಹೊತ್ತಿಗೆ ಮೊದಲೇ ಸಿಡಿಯುತ್ತದೆ, ಈ ಬಿಸಿಲಿನಲ್ಲಿ ದೂರ ಹೋದರೆ ಪಿಸ್ಟನ್ ತೂತಾಗಿ ಎಂಜಿನ್ನೇ ಹೋಗುತ್ತದೆ, ಊರೊಳಗೆ ತರಕಾರಿ ತರಲು ಇಟ್ಟುಕೊಳ್ಳಿ ಎಂದು ಇಸ್ಮಾಯಿಲ್ ಭಾಯಿ ಹೇಳಿದ್ದ.

ಅವ್ವ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಅಂಬಡ್‌ನ ಒಂದು ಘಟಕದಲ್ಲಿ ವಾಹನಗಳ ಸ್ವಿಚ್ಚುಗಳನ್ನು ಪರೀಕ್ಷೆ ಮಾಡುವ ಕೆಲಸ ಅವಳದು. ವೈಜಾಪುರದಿಂದ ಅಪ್ಪನನ್ನು ರಾತ್ರಿಯ ಖಾಲಿ ಬಸ್ಸಿನಲ್ಲಿ ದೌಲತಾಬಾದ್‌ಗೇ ಮುಟ್ಟಿಸಿ ಒಬ್ಬಳೇ ಮರಳಿದ ಮೇಲೆ ಡಾಕ್ಟರೊಬ್ಬರನ್ನು ಕಂಡು ಬಂದಳು. ಆದಷ್ಟು ಬೇಗ ಕರೆದುಕೊಂಡು ಬನ್ನಿ, ಒಂಟಿಯಾಗಿ ಬಿಡಬೇಡಿ ಎಂದಿದ್ದರು. ಪೇರಲ ಮಾರುವ ಬಾಯಿ ತನ್ನ ಅಂಗಡಿಯನ್ನು ಗಂಡನಿಗೆ ಬಿಟ್ಟು ಅಪ್ಪನ ಬಾಗಿಲ ಮುಂದೆ ಕೂರುತ್ತೇನೆಂದು ಮಾತು ಕೊಟ್ಟಿದ್ದಳು. ಅಂದು ಅವ್ವ ಅಡುಗೆ ಮಾಡಲಿಲ್ಲ. ಫೋನಿನಲ್ಲಿ ಯಾವುದೋ ದೇಶದ ಹುಡುಗರು ಎಂಜಿನ್ನಿಗೆ ನೀರು ಸಿಂಪಡಿಸುವ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತ ಕೂತಳು. ಒಳಹೋಗುವ ಗಾಳಿಗೆ ಮಂಜಿನಂತೆ ನೀರು ಹೊಡೆದರೆ ನೀರು ಆವಿಯಾಗುತ್ತ ಕಾವನ್ನು ಹೀರುತ್ತದೆ, ಕೂಲರ್ ಮಾಡುವ ಕೆಲಸವನ್ನು ನೀರು ಮಾಡುತ್ತದೆ. ಅಷ್ಟು ಹಿಡಿದುಕೊಂಡು ಎದ್ದಳು.

ಪಿಂಪಳಗಾಂವ್ ಬಸವಂತ್‌ಗೆ ಹೋಗಿ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಮತ್ತು ಸಣ್ಣ ತೂತಿನ ನಾಜಲ್‌ಗಳನ್ನು ತಂದಳು. ಗಾಳಿಯ ಒತ್ತಡ ಏರಿದಾಗ ತಾನೇ ಹೊತ್ತಿಕೊಳ್ಳುವ ಸ್ವಿಚ್ಚು ಅವಳ ಕೆಲಸದವರ ಪರಿಚಯದಿಂದ ಸಿಕ್ಕಿತು. ಒಗ್ಗರಣೆ ಸೌಟು, ಲಟ್ಟಣಿಗೆ ಇರುತ್ತಿದ್ದ ಕಟ್ಟೆಯ ಮೇಲೆ ಈಗ ವೈರು, ಕ್ಲಿಪ್ಪು, ರಬ್ಬರು ನಳಿಕೆ. ಕೆಲಸದಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ಅಲ್ಲೇ ಕೂರುತ್ತಿದ್ದಳು. ಅಡುಗೆ ಆಯಿಯ ಪಾಲಿಗೆ ಬಂತು. ಕೂತಲ್ಲೇ ರೊಟ್ಟಿ ಬಡಿಯುತ್ತ ಆಯಿ ಬಡಿತಕ್ಕೊಂದು ಬೈಗುಳ ಸೇರಿಸುತ್ತಿದ್ದಳು. ಮೊದಲ ಸಲ ಜೋಡಿಸಿ ಕಾರು ಚಾಲೂ ಮಾಡಿದಾಗ ಎಂಜಿನ್ನು ಗಡಗಡ ನಡುಗಿ ನಿಂತೇಹೋಯಿತು. ಪಂಪು ಬಂದ್ ಇದ್ದರೂ ಎಂಜಿನ್ನು ತಾನಾಗಿಯೇ ನೀರನ್ನು ಎಳೆದುಕೊಂಡಿತ್ತು. ನೀರನ್ನು ತಡೆಹಿಡಿದು ಪಂಪು ಓಡಿದಾಗ ಮಾತ್ರ ಬಿಡುವ ಸಣ್ಣ ವಾಲ್ವ್ ಬೇಕೆಂದು ಅವ್ವ ನೇರ ಅಡುಗೆಮನೆಗೆ ಬಂದು ಗೋಡೆಯ ಮೇಲಿನ ನೀರಿನ ಫಿಲ್ಟರ್ ಬಿಚ್ಚತೊಡಗಿದಳು. ಆಯಿಯ ಸಹನೆ ಅಲ್ಲಿಗೆ ಮುಗಿಯಿತು.

“ಮಗ ಅಲ್ಲಿ ಉಪಾಸ ಬಿದ್ದಾನ, ಇಕಿ ಇಲ್ಲಿ ಗಾಡಿಗೆ ನೀರ ಕುಡಸಾಕತ್ತಾಳ! ಕುಡ್ಯೂ ನೀರಿಂದೂ ಬಿಚ್ಚಿದಿ, ಇನ್ನ ಏನ ಉಳದೈತಿ ಈ ಮನ್ಯಾಗ?”

“ಅತ್ತಿ, ಕಾರ ಹೋಗದಿದ್ರ ಅವರು ಬರೂದಿಲ್ರಿ.”

“ಅಂವಾ ನಿನ್ನ ಸಾಗ ಹಾಕಾಕ ಹಂಗ ಅಂದಾನ. ಕಾರ ಕೆಟ್ಟೈತಿ ಅಂತ ಅವಗ ಗೊತ್ತಿಲ್ಲೇನು? ಆಗದ ಮಾತು ಅಂತ ಗೊತ್ತಿದ್ದ ಅಂದಾನವಾ!”

ಅವ್ವ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಇದನ್ನು ಅವಳು ಯೋಚಿಸಿರಲಿಲ್ಲವೆಂದು ನಾನು ಅಂದುಕೊಂಡೆ. ಯೋಚಿಸಿದ್ದಳು.

“ಇರಬಹುದ್ರಿ. ಆದರ ಬರ್ತೀನಿ ಅಂತ ಬಾಯಿಬಿಟ್ಟು ಅಂದಾರಲ್ರಿ. ಆ ಒಂದ ಮಾತ ಬಿಟ್ರ ನನ್ನ ಕೈಯಾಗ ಏನೂ ಇಲ್ಲ.”

ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಬೋರಿನ ನೀರನ್ನು ದೊಡ್ಡ ಪಾತ್ರೆಯಲ್ಲಿ ಕಾಯಲು ಇಟ್ಟಳು. ಅಂದಿನಿಂದ ನಾವು ಕಾಯಿಸಿದ ನೀರು ಕುಡಿದೆವು. ಅದರ ಉಪ್ಪುರುಚಿ ಈಗಲೂ ನನ್ನ ನಾಲಿಗೆಗೆ ನೆನಪಿದೆ. ಅದೇ ನೀರನ್ನು ಕಾರಿಗೂ ಹಾಕಿದಾಗ ನಾಜಲ್ಲಿನ ತೂತು ಸುಣ್ಣ ಕಟ್ಟಿ ಮುಚ್ಚಿಹೋಯಿತು. ಅವ್ವ ಹೊಸ ನಾಜಲ್ ಹಾಕಿ, ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನುಗಳನ್ನು ತಂದಳು. ಆ ದಿನಗಳಲ್ಲಿ ಅವಳು ನನ್ನ ಜಡೆ ಹಾಕುವುದನ್ನು ಮರೆತಿದ್ದಳು, ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಅಪ್ಪನ ಹಾಗೆ ಇವಳೂ ಆಗುತ್ತಿದ್ದಾಳೆ ಎಂದು ನನಗೆ ಹೆದರಿಕೆ. ಶಾಲೆಯಲ್ಲಿ ಕೂತರೂ ಮನೆಗೆ ಹೋದಾಗ ಅವಳೂ ಗೋಡೆಗೆ ಮುಖ ಮಾಡಿ ಮಲಗಿದ್ದರೆ ಏನು ಮಾಡಲಿ ಎಂಬುದೇ ಯೋಚನೆ.

ಒಂದು ಭಾನುವಾರ ಬೆಳಕು ಹರಿಯುತ್ತಲೇ ಹೆದ್ದಾರಿಯ ಏರಿನಲ್ಲಿ ಪರೀಕ್ಷೆ ಆಯಿತು. ಇಸ್ಮಾಯಿಲ್ ಭಾಯಿ ಪಕ್ಕದಲ್ಲಿ, ನಾನು ಹಿಂದೆ. ಅವ್ವ ಆಕ್ಸಿಲರೇಟರ್ ಒತ್ತಿದಳು. ಕಟಕಟ ಶುರುವಾಗುವ ವೇಗ ಬಂತು, ಮುಂದಿನಿಂದ ಪಂಪಿನ ಗುಂಯ್ ಎಂಬ ಸಣ್ಣ ಸದ್ದು ಹೊರಟಿತು, ಕಾರು ಏರನ್ನು ನುಂಗುತ್ತ ಹೋಯಿತು. ಕಲ್ಲಿನ ಸದ್ದು ಬರಲೇ ಇಲ್ಲ. ಇಸ್ಮಾಯಿಲ್ ಭಾಯಿ “ಅರೆ ವಾಹ್ ಭಾಬಿ!” ಎಂದು ಡ್ಯಾಶ್‌ಬೋರ್ಡ್ ಬಡಿದ. ಆದರೆ ಇಳಿಯುವಾಗ ಬಾನೆಟ್ಟಿನೊಳಗೆ ಕೈಯಾಡಿಸಿ, ಪಂಪಿನ ವೈರು ಬಿಸಿ ಪೈಪಿಗೆ ಹತ್ತಿರವಿದೆ, ಬೇರೆ ದಾರಿಯಿಂದ ಎಳೆಯಬೇಕು, ಇನ್ನೊಂದು ದಿನ ಕೊಡಿ ಅಂದ. ಅದೇ ಹೊತ್ತಿಗೆ ದೌಲತಾಬಾದ್‌ನಿಂದ ಫೋನು ಬಂತು. ಸಾಹೇಬರು ನಿನ್ನೆಯಿಂದ ನೀರು ಕೂಡ ಕುಡಿದಿಲ್ಲ. ಅವ್ವ ಇನ್ನೊಂದು ದಿನ ಕಾಯದೆ ವೈರನ್ನು ಪಟ್ಟಿ ಸುತ್ತಿ ಅಲ್ಲೇ ಕಟ್ಟಿದಳು. ಮನೆಗೆ ಬಂದರೆ ಆಯಿ ಇಳಕಲ್ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನನ್ನ ಮಗ. ನಾನೂ ಬರಾಕಿ.”

ಹೋಗುವಾಗ ಕಾರು ಒಂದು ಕಡೆಯೂ ತೊಂದರೆ ಕೊಡಲಿಲ್ಲ. ಪಂಪಿನ ಗುಂಯ್ ಸದ್ದನ್ನೇ ಮೂವರೂ ಕಿವಿಗೊಟ್ಟು ಕೇಳುತ್ತಿದ್ದೆವು. ದೌಲತಾಬಾದ್‌ನಲ್ಲಿ ಕೋಟೆ ನೋಡಲು ಬಂದವರ ಗಾಡಿಗಳ ನಡುವೆ ನುಸುಳಿ ಆ ಮನೆಯ ಮುಂದೆ ಅವ್ವ ಕಾರು ನಿಲ್ಲಿಸಿ ಹಾರನ್ ಬಾರಿಸಿದಳು. ಪೇರಲ ಮಾರುವ ಬಾಯಿ ಮೇಲಿನ ಬಾಗಿಲ ಮುಂದೆ ಕೂತಲ್ಲಿಂದ ಎದ್ದಳು. ಬಾಗಿಲು ತೆಗೆಯಲಿಲ್ಲ. ಅವ್ವ ಮತ್ತೆ ಬಾರಿಸಿದಳು. ನಮ್ಮ ಹಾರನ್ನಿಗೆ ಒಂದು ಬಿರುಕು ದನಿಯಿತ್ತು, ಅಪ್ಪನಿಗೆ ಅದು ಗೊತ್ತು. ಕಿಟಕಿಯಲ್ಲಿ ಅವನ ಮುಖ ಕಂಡಿತು. ಗಡ್ಡ ಬೆಳೆದ, ಕೆನ್ನೆ ಒಳಹೋದ ಆ ಮುಖವನ್ನು ಒಂದು ಗಳಿಗೆ ನಾನು ಗುರುತಿಸಲಿಲ್ಲ. ಅವನು ನಮ್ಮನ್ನು ನೋಡಲಿಲ್ಲ. ಕಾರನ್ನು ನೋಡಿದ. ಬಹಳ ಹೊತ್ತು ನೋಡಿದ. ಆಯಿ ಹೇಳಿದ್ದು ನಿಜವೆಂದು ಆಗ ನನಗೂ ತಿಳಿಯಿತು. ಅದು ಬರಲಾರದೆಂದು ನಂಬಿಯೇ ಅವನು ಆ ಮಾತು ಆಡಿದ್ದ. ಆಮೇಲೆ ಚಿಲಕ ತೆಗೆದ ಸದ್ದಾಯಿತು. ಬರಿಗಾಲಲ್ಲಿ ಇಳಿದು ಬಂದು, ಕೊಟ್ಟ ಮಾತಿಗೆ ಸಿಕ್ಕಿಬಿದ್ದವನಂತೆ, ಹಿಂದಿನ ಸೀಟಿನಲ್ಲಿ ಆಯಿಯ ಪಕ್ಕ ಕೂತ. ಆಯಿ ಅವನ ಕೈ ಹಿಡಿದವಳು ಬಿಡಲಿಲ್ಲ.

ಬರುವಾಗ ಬಿಸಿಲು ನೆತ್ತಿಯ ಮೇಲಿತ್ತು. ವೈಜಾಪುರ ದಾಟುವವರೆಗೂ ಅವನು ಕಣ್ಣು ಮುಚ್ಚಿಕೊಂಡಿದ್ದ. ಯೇವಲಾ ಸಂತೆಯ ಗದ್ದಲದಲ್ಲಿ ಕಣ್ಣು ತೆಗೆದ. ಜನ ಕಾರಿನ ಎರಡೂ ಬದಿಗೆ ಉಜ್ಜಿಕೊಂಡು ಹೋಗುತ್ತಿದ್ದರು. ಅವನ ಉಸಿರು ಜೋರಾಯಿತು.

“ಇಳಸು. ನನ್ನ ಇಳಸು, ಸುಮಂಗಲಾ.”

“ಇನ್ನ ಸ್ವಲ್ಪ ದೂರ ರೀ. ಮನಿ ಬಂದ್ಬಿಡ್ತದ.”

ಊರು ದಾಟಿದ ಮೇಲೂ ಅವನು ಬಿಡಲಿಲ್ಲ. ಆಯಿಯ ಕೈ ಕೊಡವಿ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಆಯಿ ಕಿರುಚಿದಳು. ಅವ್ವ ವೇಗ ಏರಿಸಿದಳು, ಓಡುವ ಕಾರಿನಿಂದ ಇಳಿಯಲಾರನೆಂದು. ಪಂಪು ಗುಂಯ್ ಅಂದಿತು, ಆಮೇಲೆ ನಿಂತಿತು. ಸುಟ್ಟ ರಬ್ಬರಿನ ವಾಸನೆ ಬಂತು. ಕೂಡಲೆ ಕಲ್ಲಿನ ಸದ್ದು ಶುರುವಾಯಿತು. ವೈರು ಬಿಸಿ ಪೈಪಿಗೆ ತಾಗಿ ಕರಗಿದೆಯೆಂದು ಅವ್ವನಿಗೆ ಆ ಕ್ಷಣವೇ ಗೊತ್ತಾಗಿರಬೇಕು. ನಿಧಾನ ಮಾಡಿದರೆ ಎಂಜಿನ್ನು ಉಳಿಯುತ್ತಿತ್ತು. ನಿಧಾನ ಮಾಡಿದರೆ ಅವನು ಇಳಿಯುತ್ತಿದ್ದ. ಅವಳ ಕಾಲು ಮೇಲೇಳಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿ, ಒಂದೊಂದು ಕಿಲೋಮೀಟರನ್ನೂ ಕಿತ್ತುಕೊಳ್ಳುವವಳಂತೆ ಓಡಿಸುತ್ತಿದ್ದಳು. ಕಟಕಟ ದೊಡ್ಡದಾಗುತ್ತ ಹೋಗಿ, ಠಣ್ ಎಂದು ಒಂದು ಪೆಟ್ಟು ಕೇಳಿತು. ಹಿಂದೆಲ್ಲ ಹೊಗೆ. ಕಾರು ತಾನಾಗಿಯೇ ನಿಧಾನವಾಗಿ, ಬಟಾಬಯಲಲ್ಲಿ, ಒಂದು ಬೇವಿನ ಮರ ದಾಟಿ ನಿಂತಿತು.

ಅಪ್ಪ ಬಾಗಿಲು ತೆಗೆದು ಇಳಿದ. ಯಾರೂ ಅವನನ್ನು ಹಿಡಿಯಲಿಲ್ಲ. ಅವ್ವ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು, ನಾನು ಹುಟ್ಟಿದಾಗಿನಿಂದ ಕೇಳಿರದಿದ್ದ ದನಿಯಲ್ಲಿ ಅಳತೊಡಗಿದಳು. ಆಯಿ ಹಿಂದಿನಿಂದ ಅವಳ ಬೆನ್ನು ಸವರುತ್ತ, “ಸಾಕವಾ, ಸಾಕ ಮಾಡು, ನಿನ್ನ ಕೈಲೆ ಆದಷ್ಟು ಮಾಡಿದಿ,” ಅನ್ನುತ್ತಿದ್ದಳು. ಅಪ್ಪ ಹೊಲದ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತ. ಅವನು ತಿರುಗಿ ಅಳುತ್ತಿದ್ದ ಅವ್ವನ ಕಡೆ ನೋಡಿದ. ಆಮೇಲೆ ಬರಿಗಾಲಲ್ಲೇ, ಕಾದ ಡಾಂಬರಿನ ಮೇಲೆ ನಡೆದು, ರಸ್ತೆಯ ಅಂಚಿಗೆ ಬಂದು ಕೈ ಎತ್ತಿದ. ಒಂದು ಲಾರಿ ಹೋಯಿತು. ಒಂದು ಕಾರು ನಿಧಾನ ಮಾಡಿ, ಅವನ ಅವತಾರ ನೋಡಿ ಮುಂದೆ ಹೋಯಿತು. ಮಂದಿ ನೋಡುತ್ತಾರೆಂದು ಬಸ್ಸಿಗೆ ಹೆದರಿದ ಮನುಷ್ಯ ಹೋಗುವವರೆಲ್ಲ ನೋಡುವಂತೆ ಕೈ ಎತ್ತಿಕೊಂಡೇ ನಿಂತಿದ್ದ. ಕೊನೆಗೆ ಖಾಲಿ ದ್ರಾಕ್ಷಿ ಕ್ರೇಟುಗಳ ಟೆಂಪೊ ಒಂದು ನಿಂತಿತು.

“ಭಾವು,” ಎಂದು ಅಪ್ಪ ಶುರುಮಾಡಿದ. ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಅಂದ. “ಭಾವು, ಗಾಡಿ ಬಂದ್ ಪಡಲಿ. ಬಾಯಕೊ ರಡತೇ.”

ಅಣ್ಣಾ, ಗಾಡಿ ನಿಂತುಹೋಗಿದೆ, ಹೆಂಡತಿ ಅಳುತ್ತಿದ್ದಾಳೆ. ಅಷ್ಟೇ ಹೇಳಿದ. ಟೆಂಪೊದವನು ಏನೂ ಕೇಳದೆ ಹಗ್ಗ ತೆಗೆದ.

ಅಪ್ಪ ಅಂದಿಗೇ ಗುಣವಾಗಲಿಲ್ಲ. ಮರುದಿನ ಮತ್ತೆ ಗೋಡೆಗೆ ಮುಖ ಮಾಡಿದ. ಡಾಕ್ಟರು, ಮಾತ್ರೆ, ಮಾತ್ರೆ ಬದಲಾವಣೆ, ಅವ್ವ ಒಂದು ಬದಿ ಆಯಿ ಒಂದು ಬದಿ ಕೂತು ತುತ್ತು ತಿನ್ನಿಸಿದ್ದು, ಒಂದು ಹೆಜ್ಜೆ ಮುಂದೆ ಎರಡು ಹಿಂದೆ ಎಂಬಂತೆ ಅದು ಬಹಳ ದೀರ್ಘವಾಯಿತು. ಅವನ ಹಳೆಯ ದೊಡ್ಡ ದನಿ ಪೂರ್ತಿ ಮರಳಲೇ ಇಲ್ಲ, ಆದರೆ ಅವನು ಉಳಿದ. ಎಂಜಿನ್ನು ಉಳಿಯಲಿಲ್ಲ. ಕಾರನ್ನು ಗುಜರಿಯವನು ಎಳೆದುಕೊಂಡು ಹೋದಾಗ ಮನೆಯಲ್ಲಿ ಯಾರೂ ಹೊರಗೆ ಬಂದು ನೋಡಲಿಲ್ಲ. ಆ ಮಧ್ಯಾಹ್ನ ಮಾತ್ರ ಇದಾವುದೂ ನಮಗೆ ಗೊತ್ತಿರಲಿಲ್ಲ.

ಟೆಂಪೊ ಮುಂದೆ, ಹಗ್ಗ ಕಟ್ಟಿದ ನಮ್ಮ ಕಾರು ಹಿಂದೆ. ಸ್ಟಿಯರಿಂಗ್ ಹಿಡಿಯಲು ಅವ್ವ ಕೂರಲೇಬೇಕಿತ್ತು. ಅಪ್ಪ ಈ ಸಲ ಅವಳ ಪಕ್ಕ ಕೂತ, ನಾನು ಹಿಂದೆ ಆಯಿಯ ತೊಡೆಗೆ ಒರಗಿದೆ. ಎಂಜಿನ್ನು ಸತ್ತ ಕಾರಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಬಹಳ ದೂರ ಹೋದ ಮೇಲೆ ಅಪ್ಪ, ಬಾನೆಟ್ಟಿನ ಕಡೆ ನೋಡುತ್ತ, ಸಣ್ಣಗೆ ಕೇಳಿದ.

“ಅದೇನ ಗುಂಯ್ ಅಂತಿತ್ತಲ್ಲ, ಏನದು?”

“ನೀರಿನ ಪಂಪ್ ರೀ.”

“ಎಂಜಿನ್ನಿಗೆ ನೀರು?”

ಅವ್ವ ಹೇಳತೊಡಗಿದಳು. ಗಾಳಿ ಏಕೆ ಕಾಯುತ್ತದೆ, ನೀರು ಅದನ್ನು ಹೇಗೆ ತಣಿಸುತ್ತದೆ, ದ್ರಾಕ್ಷಿ ಔಷಧಿಯ ನಾಜಲ್ ಎಲ್ಲಿ ಸಿಕ್ಕಿತು, ಮೊದಲ ಸಲ ಎಂಜಿನ್ನು ಹೇಗೆ ನಡುಗಿ ನಿಂತಿತು. ಹಗ್ಗದ ಮೇಲಿನ ಕಣ್ಣು ತೆಗೆಯದೆ, ಇಷ್ಟು ದಿನ ಯಾರೊಡನೆಯೂ ಆಡದಿದ್ದುದನ್ನೆಲ್ಲ ಒಂದೇ ಸಮನೆ ಹೇಳುತ್ತ ಹೋದಳು. ನಿಫಾಡ್ ಬಂತು, ಹೋಯಿತು. ಅಪ್ಪನ ತಲೆ ಕಿಟಕಿಗೆ ವಾಲಿತು.

“ಮಲಗ್ಯಾನ ನೋಡವಾ,” ಅಂದಳು ಆಯಿ.

“ಮಲಗಲಿ ಬಿಡ್ರಿ ಅತ್ತಿ,” ಅಂದು ಅವ್ವ, ವಾಲ್ವ್‌ಗಾಗಿ ಮನೆಯ ಫಿಲ್ಟರ್ ಬಿಚ್ಚಿದ್ದನ್ನು ಅವನಿಗೆ ಹೇಳತೊಡಗಿದಳು.